ದೀಪ ತಂದರೂ ಹೋಗದ ಹಾವು: ಜ್ಯಾಮಿತೀಯ ಅಮೂರ್ತ ಚಿತ್ರಗಳಲ್ಲಿ ಬಣ್ಣದ ನಡತೆ

ನಿಮ್ಮ ಕೈಯಿಂದ ಕೈಗೆ ಈಗ ದಾಟುತ್ತಿರುವ ರಟ್ಟಿನ ತುಂಡುಗಳನ್ನು ಒಮ್ಮೆ ಗಮನವಿಟ್ಟು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಪ್ರತಿ ರಟ್ಟಿನ ಎಡ ಅರ್ಧಕ್ಕೆ ಅಚ್ಚ ಹಳದಿ ಕಾಗದವನ್ನೂ ಬಲ ಅರ್ಧಕ್ಕೆ ಗಾಢ ನೀಲಿ ಕಾಗದವನ್ನೂ ಅಂಟಿಸಿದೆ. ಎರಡರ ಮಧ್ಯದಲ್ಲೂ ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದೊಂದು ಚೌಕವಿದೆ. ಹಳದಿಯ ಮೇಲಿನ ಚೌಕ ಮಬ್ಬಾಗಿ, ತುಸು ನೇರಳೆಗೆ ವಾಲಿದ ಕಂದಿನಂತೆ ಕಾಣುತ್ತದೆ. ನೀಲಿಯ ಮೇಲಿನದು ಅದಕ್ಕಿಂತ ತಿಳಿಯಾಗಿ, ಹೊಳೆದಂಡೆಯ ಮರಳಿನಂತೆ ಕಾಣುತ್ತದೆ. ಇವೆರಡನ್ನೂ ನಿನ್ನೆ ರಾತ್ರಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದೇ ಹಾಳೆಯಿಂದ, ಒಂದೇ ಕತ್ತರಿಯಲ್ಲಿ ಕತ್ತರಿಸಿದೆ. ನಂಬಿಕೆಯಾಗದವರು ರಟ್ಟಿನ ಜೊತೆಗಿರುವ ಬಿಳಿ ಹಾಳೆಯನ್ನು ಅದರ ಮೇಲೆ ಹೊದಿಸಬಹುದು. ಆ ಹಾಳೆಯಲ್ಲಿ ಎರಡು ಕಿಂಡಿಗಳಿವೆ. ಹೊದಿಸಿದಾಗ ಹಳದಿ, ನೀಲಿ ಎರಡೂ ಮರೆಯಾಗಿ ಚೌಕಗಳು ಮಾತ್ರ ಕಾಣುತ್ತವೆ, ಮತ್ತು ಒಂದೇ ಬಣ್ಣದವಾಗಿ ಕಾಣುತ್ತವೆ. ಹಾಳೆ ತೆಗೆದೊಡನೆ ಮತ್ತೆ ಬೇರೆಯಾಗುತ್ತವೆ. ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರೊಬ್ಬರು ಹಾಳೆಯನ್ನು ಆಗಲೇ ನಾಲ್ಕು ಸಲ ಇಟ್ಟು ತೆಗೆದು ನೋಡಿದ್ದಾರೆ. ಐದನೆಯ ಸಲವೂ ಅದೇ ಆಗುತ್ತದೆ ಎಂದು ಅವರಿಗೆ ಈಗಲೇ ಹೇಳಿಬಿಡುತ್ತೇನೆ.

ಇದನ್ನು ನಾವು ದೃಷ್ಟಿಭ್ರಮೆ ಎಂದು ಕರೆದು ಮುಗಿಸಿಬಿಡುತ್ತೇವೆ. ಭ್ರಮೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹಗ್ಗ ಮತ್ತು ಹಾವಿನ ದೃಷ್ಟಾಂತ. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಂಡಿತು, ದೀಪ ತಂದರು, ಹಾವು ಹೋಯಿತು. ಮತ್ತೆ ಬೇಕೆಂದರೂ ಆ ಹಗ್ಗದಲ್ಲಿ ಹಾವು ಕಾಣುವುದಿಲ್ಲ. ನಿಮ್ಮ ಕೈಯಲ್ಲಿರುವ ರಟ್ಟಿನ ಕಥೆ ಹಾಗಲ್ಲ. ದೀಪವೂ ಇದೆ, ತಿಳಿವಳಿಕೆಯೂ ಬಂದಿದೆ, ಆದರೂ ಹಾವು ಅಲ್ಲೇ ಇದೆ. ವೇದಾಂತಿಗಳು ಈ ಎರಡು ಬಗೆಗಳನ್ನು ಬಹಳ ಹಿಂದೆಯೇ ಬೇರೆ ಮಾಡಿ ಇಟ್ಟಿದ್ದಾರೆ ಎಂಬುದು ನನಗೆ ತಡವಾಗಿ ತಿಳಿಯಿತು. ಹಗ್ಗದ ಹಾವು ನಿರುಪಾಧಿಕ ಭ್ರಮೆ, ಅಂದರೆ ಪಕ್ಕದ ವಸ್ತುವಿನ ಹಂಗಿಲ್ಲದ್ದು. ದಾಸವಾಳದ ಪಕ್ಕದಲ್ಲಿಟ್ಟ ಸ್ಫಟಿಕ ಕೆಂಪಾಗಿ ಕಾಣುವುದು ಸೋಪಾಧಿಕ ಭ್ರಮೆ, ಪಕ್ಕದ ವಸ್ತುವಿನಿಂದ ಹುಟ್ಟುವಂಥದ್ದು. ಸ್ಫಟಿಕ ಬಿಳಿ ಎಂದು ಗೊತ್ತಿದ್ದವನಿಗೂ ಹೂವು ಪಕ್ಕದಲ್ಲಿರುವ ತನಕ ಅದು ಕೆಂಪಾಗಿಯೇ ಕಾಣುತ್ತದೆ. ಜ್ಯಾಮಿತೀಯ ಅಮೂರ್ತ ಚಿತ್ರಕಲೆಯನ್ನು, ಅಂದರೆ ಯಾವ ವಸ್ತುವನ್ನೂ ಚಿತ್ರಿಸದೆ ಚೌಕ, ವೃತ್ತ, ಪಟ್ಟಿಗಳಲ್ಲೇ ನಡೆಯುವ ಕಲೆಯನ್ನು ಕುರಿತು ನಾನಿಂದು ಹೇಳಬೇಕೆಂದಿರುವುದೆಲ್ಲ ಈ ಎರಡನೆಯ ದೃಷ್ಟಾಂತದ ಸುತ್ತಲೇ ಇದೆ. ಪಕ್ಕದ ಹೂವನ್ನು ಪೂರ್ತಿಯಾಗಿ ತೆಗೆದುಬಿಡುವುದು ಬಣ್ಣದ ಲೋಕದಲ್ಲಿ ಸಾಧ್ಯವೇ ಇಲ್ಲ, ಏಕೆಂದರೆ ಏನೂ ಇಲ್ಲದ ಕಡೆಯಲ್ಲೂ ಗೋಡೆಯ ಬಿಳುಪಾದರೂ ಇರುತ್ತದೆ. ಬಣ್ಣ ಯಾವತ್ತೂ ನೆರೆಹೊರೆಯಲ್ಲೇ ಬದುಕುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಸ್ಫಟಿಕ ಹೂವಿನ ಕಡೆಗೇ ವಾಲುತ್ತದೆ, ಏಕೆಂದರೆ ಹೂವಿನ ಬೆಳಕೇ ಅದರ ಮೂಲಕ ಹಾಯ್ದು ಬರುತ್ತದೆ. ನಮ್ಮ ರಟ್ಟಿನ ಚೌಕ ನೆರೆಯ ಬಣ್ಣದಿಂದ ದೂರ ಓಡುತ್ತದೆ: ಹಳದಿಯ ಮೇಲೆ ನೇರಳೆಗೆ, ನೀಲಿಯ ಮೇಲೆ ಹಳದಿಗೆ.

ಈ ಓಟವನ್ನು ಮೊದಲು ಕ್ರಮವಾಗಿ ಅಭ್ಯಾಸ ಮಾಡಿದವರು ಚಿತ್ರಕಾರರಲ್ಲ, ಒಬ್ಬ ರಸಾಯನಶಾಸ್ತ್ರಜ್ಞ. ಮಿಶೆಲ್ ಯೂಜೀನ್ ಶೆವ್ರೆಲ್ 1824ರಲ್ಲಿ ಪ್ಯಾರಿಸ್ಸಿನ ಗೋಬ್ಲಾಂ ಕಾರ್ಖಾನೆಯ ಬಣ್ಣಗಾರಿಕೆ ವಿಭಾಗದ ಮುಖ್ಯಸ್ಥನಾದ. ಅದು ಅರಮನೆಗಳಿಗೆ ಚಿತ್ರಗಂಬಳಿಗಳನ್ನು ನೇಯುತ್ತಿದ್ದ ಸರ್ಕಾರಿ ಕಾರ್ಖಾನೆ. ಅಲ್ಲಿನ ನೇಕಾರರದ್ದು ಒಂದು ದೂರಿತ್ತು: ನೀಲಿ, ನೇರಳೆ ಬಟ್ಟೆಗಳ ನೆರಳಿನ ಭಾಗಕ್ಕೆಂದು ಹಾಕುವ ಕಪ್ಪು ಉಣ್ಣೆ ನೂಲು ಗಟ್ಟಿಯಾಗಿ ಕಾಣುತ್ತಿಲ್ಲ, ಬಣ್ಣ ಅದ್ದುವುದರಲ್ಲೇ ಏನೋ ದೋಷವಿದೆ. ಶೆವ್ರೆಲ್ ಬೇರೆ ಕಡೆಯ ಒಳ್ಳೆಯ ಕಪ್ಪು ಉಣ್ಣೆಗಳನ್ನು ತರಿಸಿ ಹೋಲಿಸಿ ನೋಡಿದ. ತಮ್ಮ ನೂಲು ಅವಕ್ಕಿಂತ ಕಡಿಮೆಯದ್ದೇನಲ್ಲ. ತೊಂದರೆ ಇದ್ದದ್ದು ಬಣ್ಣದ ಹಂಡೆಯಲ್ಲಲ್ಲ, ಮಗ್ಗದ ಮೇಲೆ ಕಪ್ಪಿನ ಪಕ್ಕದಲ್ಲಿ ಕುಳಿತ ನೀಲಿಯಲ್ಲಿ. ನೀಲಿ ತನ್ನ ಎದುರುಬಣ್ಣದ ಛಾಯೆಯನ್ನು ಕಪ್ಪಿನ ಮೇಲೆ ಹೊರಿಸಿ ಅದನ್ನು ಸವೆದ ಕಪ್ಪಾಗಿಸುತ್ತಿತ್ತು. ಅಲ್ಲಿಂದ ಶುರುವಾದ ಅಭ್ಯಾಸ 1839ರಲ್ಲಿ, ಬಣ್ಣಗಳ ಏಕಕಾಲಿಕ ವೈದೃಶ್ಯದ, ಅಂದರೆ ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬೇರೆಯಾಗಿ ಕಾಣಿಸುವುದರ ನಿಯಮವನ್ನು ಕುರಿತ ದೊಡ್ಡ ಗ್ರಂಥವಾಗಿ ಹೊರಬಂತು. ಈ ಮಹಾನುಭಾವ ಕೊಬ್ಬುಗಳ ರಸಾಯನಶಾಸ್ತ್ರದಲ್ಲೂ ದೊಡ್ಡ ಹೆಸರು. ಹೊಗೆ ಕಡಿಮೆ ಕಾರುವ ಸ್ಟಿಯರಿನ್ ಮೇಣದಬತ್ತಿಗೆ 1825ರಲ್ಲಿ ಗೇ-ಲುಸಾಕ್ ಜೊತೆ ಪೇಟೆಂಟ್ ಪಡೆದವನೂ ಇವನೇ. ದೀಪವನ್ನೂ ಕೊಟ್ಟು, ದೀಪದಿಂದ ಹೋಗದ ಹಾವನ್ನೂ ತೋರಿಸಿಕೊಟ್ಟು, 102 ವರ್ಷ ಬದುಕಿ 1889ರಲ್ಲಿ ತೀರಿಕೊಂಡ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿ ಮುಂದೆ ಹೋಗುತ್ತೇನೆ. ಸೀರೆ ಅಂಗಡಿಗೆ ಹೋದಾಗ ಮ್ಯಾಚಿಂಗ್ ಬ್ಲೌಸ್ ಪೀಸನ್ನು ಸೀರೆಯ ಜೊತೆ ಹಿಡಿದುಕೊಂಡು ಅಂಗಡಿಯ ಬಾಗಿಲಿಗೆ ಬಂದು ಹಗಲ ಬೆಳಕಿನಲ್ಲಿ ನೋಡುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಶಿಸ್ತು. ಒಳಗೆ ಹೊಂದಿದ್ದು ಹೊರಗೆ ಹೊಂದದೆ ಹೋಗುವುದು ಬೆಳಕು ಬದಲಾದದ್ದರಿಂದ. ಕಣ್ಣಿಗೆ ತಲುಪುವ ಕಿರಣಗಳೇ ಅಲ್ಲಿ ಬೇರೆಯಾಗಿರುತ್ತವೆ. ಶೆವ್ರೆಲ್‌ನ ಕಪ್ಪು ನೂಲಿನ ವಿಷಯದಲ್ಲಿ ಬೆಳಕೂ ಅದೇ, ನೂಲೂ ಅದೇ, ಬದಲಾದದ್ದು ನೆರೆ ಮಾತ್ರ. ಬಾಗಿಲಿಗೆ ತಂದರೆ ಈ ಎರಡನೆಯದು ಪರಿಹಾರವಾಗುವುದಿಲ್ಲ. ಆದರೆ ಅದೇ ಅಂಗಡಿಯಲ್ಲಿ ಇದೂ ನಡೆಯುತ್ತಿರುತ್ತದೆ. ಇಳಕಲ್ ಸೀರೆಯ ಸೆರಗಿನ ಕೆಂಪು ತನ್ನ ಮಗ್ಗುಲಲ್ಲಿ ಬಿಳಿ ತೆನೆಗಳು ಇರುವ ಕಡೆ ಒಂದು ಗತ್ತಿನಲ್ಲಿ, ಕಪ್ಪು ಒಡಲಿಗೆ ಸೇರುವ ಕಡೆ ಇನ್ನೊಂದು ಗತ್ತಿನಲ್ಲಿ ಕಾಣುವುದನ್ನು ನೇಕಾರರು ನನಗಿಂತ ಚೆನ್ನಾಗಿ ಬಲ್ಲರು.

ಹೀಗೇಕಾಗುತ್ತದೆ ಎಂಬುದಕ್ಕೆ ಶರೀರಶಾಸ್ತ್ರದ ಉತ್ತರವನ್ನು ಚಿಕ್ಕದಾಗಿ ಹೇಳುವುದಾದರೆ, ನಮ್ಮ ಅಕ್ಷಿಪಟ ಬೆಳಕಿನ ಪ್ರಮಾಣವನ್ನು ಅಳೆದು ಮೆದುಳಿಗೆ ಕಳಿಸುವ ಮೀಟರ್ ಅಲ್ಲ. ಪಕ್ಕಪಕ್ಕದ ಕೋಶಗಳು ಒಂದರ ಸಂಕೇತವನ್ನು ಇನ್ನೊಂದು ತಗ್ಗಿಸುತ್ತವೆ. ಆದ್ದರಿಂದ ಮೇಲಕ್ಕೆ ಹೋಗುವ ಸುದ್ದಿ ಮುಖ್ಯವಾಗಿ ವ್ಯತ್ಯಾಸಗಳ ಸುದ್ದಿ, ಅಂಚುಗಳ ಸುದ್ದಿ. ಬಣ್ಣ ಗುರುತಿಸುವ ಮೂರು ಬಗೆಯ ಶಂಕುಕೋಶಗಳಿಂದ ಬಂದ ಸಂಕೇತಗಳು ಮುಂದೆ ಜೋಡಿಜೋಡಿಯಾಗಿ ಎದುರುಬದುರು ನಿಲ್ಲುತ್ತವೆ: ಕೆಂಪಿಗೆ ಹಸಿರು, ಹಳದಿಗೆ ನೀಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಎವಾಲ್ಡ್ ಹೆರಿಂಗ್ ಊಹಿಸಿದ್ದ ಈ ಎದುರುಜೋಡಿಗಳು ಬಹುಮಟ್ಟಿಗೆ ನಿಜವೆಂದು ನಂತರದ ಪ್ರಯೋಗಗಳು ತೋರಿಸಿವೆ. ಸುತ್ತಲೂ ಹಳದಿ ತುಂಬಿದ್ದಾಗ ನಡುವಿನ ತುಂಡು ತಕ್ಕಡಿಯ ಇನ್ನೊಂದು ತಟ್ಟೆಯ ಕಡೆಗೆ ತೂಗುತ್ತದೆ. ಇದು ಕಣ್ಣಿನ ತಪ್ಪಲ್ಲ. ಮುಂಜಾನೆಯ ಬೆಳಕಿನಲ್ಲೂ ನಡುಹಗಲಿನ ಬಿಸಿಲಿನಲ್ಲೂ ಮಾವಿನ ಎಲೆ ನಮಗೆ ಸುಮಾರಾಗಿ ಅದೇ ಹಸಿರಾಗಿ ಕಾಣಬೇಕಾದರೆ ಕಣ್ಣು ಹೀಗೆ ನೆರೆಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಶೆವ್ರೆಲ್‌ನ ಗ್ರಂಥವನ್ನು ಬಣ್ಣದ ಚುಕ್ಕೆಗಳಲ್ಲಿ ಚಿತ್ರ ಬರೆದ ಫ್ರೆಂಚ್ ಚಿತ್ರಕಾರ ಸೋರಾ ಓದಿದ. ಇನ್ನೊಬ್ಬ ಫ್ರೆಂಚ್ ಚಿತ್ರಕಾರ ರೊಬೇರ್ ದೆಲೋನೆ ಅದರಿಂದಲೇ ‘ಏಕಕಾಲಿಕ’ ಎಂಬ ಪದವನ್ನೆತ್ತಿಕೊಂಡು 1912ರ ಸುಮಾರಿಗೆ ಬರಿಯ ಬಣ್ಣದ ವೃತ್ತಗಳನ್ನು ಬರೆದ. ಅವನಿಗಿಂತ ಸ್ವಲ್ಪ ಮೊದಲೇ, 1911ರಲ್ಲಿ, ಅವನ ಹೆಂಡತಿ ಸೋನಿಯಾ ತನ್ನ ಹಸುಗೂಸಿಗೆಂದು ಬಣ್ಣಬಣ್ಣದ ಬಟ್ಟೆಯ ಚೂರುಗಳನ್ನು ಸೇರಿಸಿ ಒಂದು ಹೊದಿಕೆ ಹೊಲಿದಿದ್ದಳು. ಉತ್ತರ ಕರ್ನಾಟಕದವರಿಗೆ ‘ಕೌದಿ’ ಎಂದರೆ ಸಾಕು, ಹೆಚ್ಚಿನ ವಿವರಣೆ ಬೇಡ. ಆ ಕೌದಿ ಇಂದು ಪ್ಯಾರಿಸ್ಸಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಈ ಘಟ್ಟವನ್ನು ನಾನು ಬೇಗನೆ ದಾಟುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ಈ ವಿಷಯದ ನಿಜವಾದ ಗುರು ಬೇರೊಬ್ಬರಿದ್ದಾರೆ.

ಯೋಸೆಫ್ ಆಲ್ಬರ್ಸ್ ಹುಟ್ಟಿದ್ದು 1888ರಲ್ಲಿ, ಜರ್ಮನಿಯ ಬೊಟ್ರೊಪ್ ಎಂಬ ಗಣಿ ಊರಿನಲ್ಲಿ. ತಂದೆ ಮನೆಗಳಿಗೆ ಬಣ್ಣ ಬಳಿಯುವುದು, ಬಡಗಿ ಕೆಲಸ ಎಲ್ಲವನ್ನೂ ಬಲ್ಲ ಕಸುಬುದಾರ. ಮಗ ಶಾಲಾ ಮಾಸ್ತರನಾಗಿದ್ದು, 32ನೆಯ ವಯಸ್ಸಿನಲ್ಲಿ ಬಾವ್‌ಹೌಸ್ ಎಂಬ ಜರ್ಮನಿಯ ಕಲೆ-ವಿನ್ಯಾಸ ಶಾಲೆ ಸೇರಿ ಮತ್ತೆ ವಿದ್ಯಾರ್ಥಿಯಾಗಿ, ಮುಂದೆ ಅಲ್ಲೇ ಅಧ್ಯಾಪಕನಾದ. 1933ರಲ್ಲಿ ನಾಜಿಗಳ ಒತ್ತಡದಿಂದ ಬಾವ್‌ಹೌಸ್ ಮುಚ್ಚಿದಾಗ ಹೆಂಡತಿ ಆನಿಯೊಡನೆ ಅಮೆರಿಕಕ್ಕೆ ಹೋಗಿ, ಉತ್ತರ ಕೆರೊಲಿನಾದ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ 1949ರವರೆಗೂ, ಆಮೇಲೆ ಯೇಲ್ ವಿಶ್ವವಿದ್ಯಾಲಯದಲ್ಲೂ ಪಾಠ ಹೇಳಿದ. ಆನಿ ಆಲ್ಬರ್ಸ್ ಸ್ವತಃ ಇಪ್ಪತ್ತನೆಯ ಶತಮಾನದ ದೊಡ್ಡ ನೇಯ್ಗೆ ಕಲಾವಿದೆ; ಮಗ್ಗ ಈ ಕಥೆಯಲ್ಲಿ ಮತ್ತೆ ಮತ್ತೆ ಎದುರಾಗುವುದನ್ನು ನೀವು ಗಮನಿಸುತ್ತಿರಬಹುದು. 1950ರಲ್ಲಿ, 62ನೆಯ ವಯಸ್ಸಿನಲ್ಲಿ, ಬೇರೆಯವರು ನಿವೃತ್ತಿಯ ಯೋಚನೆಯಲ್ಲಿರುವಾಗ, ಆಲ್ಬರ್ಸ್ ‘ಚೌಕಕ್ಕೆ ನಮನ’ ಎಂಬ ಚಿತ್ರಮಾಲೆಯನ್ನು ಶುರುಮಾಡಿದ. 1976ರಲ್ಲಿ ತೀರಿಕೊಳ್ಳುವವರೆಗೂ, ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ, ಒಂದರೊಳಗೊಂದು ಕುಳಿತ ಮೂರೋ ನಾಲ್ಕೋ ಚೌಕಗಳ ಚಿತ್ರವನ್ನೇ ಸಾವಿರಕ್ಕೂ ಹೆಚ್ಚು ಸಲ ಬರೆದ.

ಒಂದೇ ಚಿತ್ರ ಸಾವಿರ ಸಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ, ಸ್ವಲ್ಪ ಉಡಾಫೆಯಿಂದಲೇ. ನಮ್ಮ ಸಂಗೀತ ಕೇಳುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತಂಬೂರಿಯ ಶ್ರುತಿ ಬದಲಾಗದೆ ನಿಂತಿದ್ದರೆ ಮಾತ್ರ ಗಾಂಧಾರ ಕೂದಲೆಳೆಯಷ್ಟು ಜಾರಿದ್ದೂ ಕಿವಿಗೆ ಬೀಳುತ್ತದೆ. ಆಲ್ಬರ್ಸ್ ಆಕಾರವನ್ನು ಶ್ರುತಿಯಂತೆ ನಿಲ್ಲಿಸಿದ. ಹಲಗೆಯನ್ನು ಉದ್ದಗಲಕ್ಕೆ ಹತ್ತು ಹತ್ತು ಭಾಗ ಮಾಡಿಕೊಂಡರೆ, ನಾಲ್ಕು ಚೌಕಗಳ ವಿನ್ಯಾಸದಲ್ಲಿ ಅವುಗಳ ಅಳತೆ 10, 8, 6, 4. ಒಳಗಿನ ಪ್ರತಿ ಚೌಕಕ್ಕೂ ಅದರ ಹೊರಗಿನದಕ್ಕೂ ನಡುವಿನ ಅಂತರ ಕೆಳಗೆ ಅರ್ಧ ಭಾಗ, ಎರಡೂ ಪಕ್ಕಗಳಲ್ಲಿ ಒಂದೊಂದು ಭಾಗ, ಮೇಲೆ ಒಂದೂವರೆ ಭಾಗ. ಅಂದರೆ 1, 2, 3ರ ಪ್ರಮಾಣ. ಮೂರು ಚೌಕಗಳ ವಿನ್ಯಾಸಗಳಲ್ಲಿ ಇವುಗಳಲ್ಲೇ ಒಂದನ್ನು ಬಿಟ್ಟಿರುತ್ತಾನೆ. ಚೌಕಗಳು ನಡುಮಧ್ಯದಲ್ಲಿ ಕೂತಿದ್ದರೆ ಚಿತ್ರ ಬಾಣಹೊಡೆಯುವ ಗುರಿಹಲಗೆಯಂತೆ ಸತ್ತು ನಿಲ್ಲುತ್ತಿತ್ತು. ಕೆಳಗೆ ಒತ್ತಿ ಕೂತಿರುವುದರಿಂದ ಅವಕ್ಕೆ ಭಾರ ಬರುತ್ತದೆ, ಆಮೇಲೆ ಬಣ್ಣ ಅದನ್ನು ಮೇಲೆತ್ತುತ್ತದೆ. ಒಮ್ಮೆ ನೋಡಿದರೆ ಒಳಕ್ಕೆ ಸಾಗುವ ಓಣಿ, ರೆಪ್ಪೆ ಮಿಟುಕಿಸಿ ನೋಡಿದರೆ ಮೇಲಿನಿಂದ ಕಂಡ ಮೆಟ್ಟಿಲು ಮೆಟ್ಟಿಲಾದ ಕಟ್ಟೆ.

ಅವನ ಕೆಲಸದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕ್ಯಾನ್ವಾಸ್ ಬೇಡ, ಅದು ಬಾಗುತ್ತದೆ ಎಂದು ಮೇಸನೈಟ್ ಎಂಬ ಒತ್ತಿದ ಮರದ ಹಲಗೆ, ಅದರಲ್ಲೂ ಒರಟು ಮೈ. ಅದರ ಮೇಲೆ ಹಲವು ಪದರ ಬಿಳಿ. ಬಣ್ಣವನ್ನು ಬಹುತೇಕ ಬೆರೆಸದೆ, ಟ್ಯೂಬಿನಿಂದ ಬಂದದ್ದನ್ನು ಹಾಗೆಯೇ ಪ್ಯಾಲೆಟ್ ನೈಫಿನಲ್ಲಿ ಬಿಳಿಯ ಮೇಲೆ ಎಳೆಯುತ್ತಿದ್ದ. ಒಂದು ಬಣ್ಣದ ಮೇಲೆ ಇನ್ನೊಂದನ್ನು ಹಾಕುತ್ತಿರಲಿಲ್ಲ, ಪಕ್ಕಪಕ್ಕಕ್ಕೆ ತಂದು ಮುಟ್ಟಿಸುತ್ತಿದ್ದ. ಕೆಲಸ ನಡುವಿನ ಚೌಕದಿಂದ ಶುರುವಾಗಿ ಹೊರಕ್ಕೆ ಸಾಗುತ್ತಿತ್ತು. ಬಾಗಿಲಿಗೆ ಬಣ್ಣ ಹಚ್ಚುವಾಗ ಮಧ್ಯದಿಂದ ಅಂಚಿಗೆ ಬಾ, ಆಗ ಸೋರಿದ ಹನಿಯೂ ಕೈಗೆ ಸಿಗುತ್ತದೆ, ಅಂಗಿಯ ತೋಳೂ ಕೊಳೆಯಾಗುವುದಿಲ್ಲ ಎಂದು ತಂದೆ ಕಲಿಸಿದ್ದನ್ನು ಅವನು ದೊಡ್ಡ ಸಿದ್ಧಾಂತದಂತೆ ಹೇಳಿಕೊಳ್ಳುತ್ತಿದ್ದ. ಹಲಗೆಯ ಹಿಂಬದಿಯಲ್ಲಿ ಯಾವ ಚೌಕಕ್ಕೆ ಯಾವ ಕಂಪನಿಯ ಯಾವ ಹೆಸರಿನ ಬಣ್ಣ, ಯಾವ ವಾರ್ನಿಶ್ ಎಂದು ಅಚ್ಚುಕಟ್ಟಾಗಿ ಬರೆದಿಡುತ್ತಿದ್ದ. ಒಂದೇ ಹೆಸರಿನ ಹಳದಿ ಎರಡು ಕಂಪನಿಗಳಲ್ಲಿ ಎರಡು ಹಳದಿ ಎಂಬುದು ಅವನಿಗೆ ಗೊತ್ತಿತ್ತು. ಮುಂಬದಿಯಲ್ಲಿ ಕಣ್ಣಿನ ಕೆಲಸ, ಹಿಂಬದಿಯಲ್ಲಿ ಕಿರಾಣಿ ಅಂಗಡಿಯ ಲೆಕ್ಕ. ಇದ್ದದ್ದು ಮತ್ತು ಕಂಡದ್ದು ಎಂದು ಅವನು ತರಗತಿಯಲ್ಲಿ ಎರಡು ಮಾಡಿ ಹೇಳುತ್ತಿದ್ದ ಸಂಗತಿಗೆ ಒಂದೇ ಹಲಗೆಯ ಈ ಎರಡು ಮೈಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ಈ ಮೂರು ಕಾಗದಗಳನ್ನು ನೋಡಿ. ಹೊರಗೆ ಕಾವಿ, ಒಳಗೆ ನಿಂಬೆ ಹಳದಿ, ನಡುವೆ ಅವೆರಡರ ಮಧ್ಯದ್ದೆನ್ನಬಹುದಾದ ಕಿತ್ತಳೆ. ನಡುವಿನ ಪಟ್ಟಿ ಉದ್ದಕ್ಕೂ ಒಂದೇ ಬಣ್ಣದ್ದು. ಆದರೆ ಕಾವಿಯನ್ನು ಮುಟ್ಟುವ ಕಡೆ ಅದು ಹಳದಿಯಾಗುತ್ತ, ಹಳದಿಯನ್ನು ಮುಟ್ಟುವ ಕಡೆ ಕೆಂಪೇರುತ್ತ, ಚಪ್ಪಟೆ ಕಾಗದದಲ್ಲಿ ತಗ್ಗುದಿಣ್ಣೆ ಎದ್ದಂತೆ ಕಾಣುತ್ತದೆ. ನಡುವಿನ ಬಣ್ಣವನ್ನು ಇನ್ನೂ ಜಾಣತನದಿಂದ ಆರಿಸಿದರೆ ಕಾವಿಯ ಮೇಲೆ ತೆಳ್ಳನೆಯ ಹಳದಿ ಗಾಜನ್ನು ಇಟ್ಟು ಅದರ ಮೂಲಕ ನೋಡುತ್ತಿರುವ ಭಾವ ಬರುತ್ತದೆ. ಗಾಜೂ ಇಲ್ಲ, ಪಾರದರ್ಶಕ ಬಣ್ಣವೂ ಇಲ್ಲ, ಮೂರು ಮುಚ್ಚುಬಣ್ಣಗಳು ಮಾತ್ರ. ಈ ಕಿತ್ತಳೆಯನ್ನು ಹುಡುಕಲು ನಾನು ಸುಮಾರು ಮೂವತ್ತು ಕಾಗದ ಹಾಳುಮಾಡಿದ್ದೇನೆ, ಸಿಕ್ಕಿದ್ದು ಕೂಡ ಪೂರ್ತಿ ಸರಿಯಾಗಿಲ್ಲ. ಎಡಗಡೆ ಕುಳಿತವರಿಗೆ ಟ್ಯೂಬ್‌ಲೈಟಿನ ಹೊಳಪು ಬಿದ್ದು ಗಾಜು ಒಡೆದಿರಬಹುದು.

ಆಲ್ಬರ್ಸ್‌ನ ಪಾಠವೂ ಹೀಗೆ ಕಾಗದದ ಚೂರುಗಳಲ್ಲೇ ನಡೆಯುತ್ತಿತ್ತು. ಸಿದ್ಧಾಂತ ಮೊದಲಲ್ಲ, ಕೊನೆಗೆ. ಒಂದು ಬಣ್ಣವನ್ನು ಎರಡಾಗಿ ಕಾಣಿಸು, ಎರಡು ಬಣ್ಣಗಳನ್ನು ಒಂದಾಗಿ ಕಾಣಿಸು ಎಂಬಂಥ ಕೆಲಸಗಳನ್ನು ಕೊಟ್ಟು ವಿದ್ಯಾರ್ಥಿಗಳನ್ನು ವಾರಗಟ್ಟಲೆ ಒದ್ದಾಡಿಸುತ್ತಿದ್ದ. ಮೊದಲನೆಯದು ಸುಲಭ, ನಿಮ್ಮ ಕೈಯಲ್ಲೇ ಇದೆ. ಎರಡನೆಯದು ಕಷ್ಟ, ಏಕೆಂದರೆ ಎರಡು ಬೇರೆ ಬಣ್ಣಗಳು ತಮ್ಮ ತಮ್ಮ ಹಿನ್ನೆಲೆಯಿಂದ ಎಷ್ಟು ದೂರ ತಳ್ಳಿಸಿಕೊಳ್ಳುತ್ತವೆ ಎಂಬುದನ್ನು ಮುಂಚಿತವಾಗಿ ಕಣ್ಣಲ್ಲೇ ತೂಗಿ ನೋಡಬೇಕಾಗುತ್ತದೆ. ಈ ಪಾಠಗಳನ್ನು 1963ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪ್ರಕಾಶನ ಸಿಲ್ಕ್‌ಸ್ಕ್ರೀನ್ ಮುದ್ರಣದ 150 ಫಲಕಗಳೊಡನೆ ಪುಸ್ತಕವಾಗಿ ತಂದಿತು. ಕೆಂಪು ಎಂದು ಹೇಳಿದರೆ ಕೇಳುತ್ತಿರುವ ಐವತ್ತು ಜನರ ಮನಸ್ಸಿನಲ್ಲಿ ಐವತ್ತು ಕೆಂಪು ಮೂಡುತ್ತವೆ ಎಂಬುದು ಅದರ ಆರಂಭದ ಮಾತು. ಎಲ್ಲರೂ ನೋಡಿರುವ ಕೋಕಾ-ಕೋಲಾ ಫಲಕದ ಕೆಂಪನ್ನೇ ನೆನೆಯಿರಿ ಎಂದರೂ ಅದು ತಪ್ಪುವುದಿಲ್ಲ ಎನ್ನುತ್ತಾನೆ. ನಮ್ಮ ಕೆ.ಎಸ್.ಆರ್.ಟಿ.ಸಿ.ಯ ಕೆಂಪು ಬಸ್ಸನ್ನು ಇಟ್ಟುಕೊಂಡು ಇದನ್ನು ನನ್ನ ತರಗತಿಯಲ್ಲಿ ಮಾಡಿದ್ದೇನೆ. ದಿನಾ ಅದೇ ಬಸ್ಸಿನಲ್ಲಿ ಬರುವ ಹುಡುಗರು ಇಟ್ಟಿಗೆಯಿಂದ ದಾಳಿಂಬೆಯವರೆಗೆ ಬೇರೆ ಬೇರೆ ಚೂರುಗಳನ್ನು ಎತ್ತಿಕೊಟ್ಟರು, ಮತ್ತು ಪ್ರತಿಯೊಬ್ಬನಿಗೂ ತನ್ನದೇ ಸರಿಯೆಂಬ ಖಾತ್ರಿಯಿತ್ತು.

ನಾನು ಆಲ್ಬರ್ಸ್‌ನನ್ನು ಮೊದಲು ನೋಡಿದ್ದು ಒಂದು ಹಳೆಯ ಕಲಾ ಇತಿಹಾಸದ ಪುಸ್ತಕದಲ್ಲಿ, ಕಪ್ಪು-ಬಿಳುಪು ಮುದ್ರಣದಲ್ಲಿ. ಮೂರು ಚೌಕಗಳ ಚಿತ್ರವೆಂದು ಕೆಳಗೆ ಬರೆದಿತ್ತು, ನನಗೆ ಕಂಡದ್ದು ಎರಡೇ. ಮುದ್ರಣದ ದೋಷವೆಂದು ಪುಟ ಮಗುಚಿದೆ, ಇವನೆಂಥ ಕಲಾವಿದ ಎಂದೂ ಅಂದುಕೊಂಡೆ. ವರ್ಷಗಳ ನಂತರ ತಿಳಿದದ್ದು ಬೇರೆ: ಒಳಗಿನ ಎರಡು ಬಣ್ಣಗಳು ಬೆಳಕಿನ ಮಟ್ಟದಲ್ಲಿ ಸಮನಾಗಿದ್ದವು. ಕಪ್ಪು-ಬಿಳುಪಿಗೆ ಬಂದಾಗ ಅವುಗಳ ನಡುವಿನ ಗೆರೆಯೇ ಅಳಿಸಿಹೋಗಿತ್ತು. ಆ ಕೆಟ್ಟ ಮುದ್ರಣ ನನಗೆ ಈ ಉಪನ್ಯಾಸದ ಅರ್ಧ ಭಾಗವನ್ನು ಕಲಿಸಿಕೊಟ್ಟಿದೆ.

ಬಣ್ಣ ಬೇರೆಯಾಗಿ ಬೆಳಕಿನ ಮಟ್ಟ ಒಂದೇ ಆದಾಗ ಅಂಚಿಗೆ ಎರಡು ಗತಿ. ಬಣ್ಣಗಳು ಬಂಧುಗಳಾಗಿದ್ದರೆ, ಅಂದರೆ ತಿಳಿ ಹಸಿರು ಮತ್ತು ತಿಳಿ ನೀಲಿಯಂತಿದ್ದರೆ, ಗೆರೆ ಕರಗಿಹೋಗುತ್ತದೆ. ಎದುರಾಳಿಗಳಾಗಿದ್ದರೆ, ಅಂದರೆ ಉರಿಗೆಂಪು ಮತ್ತು ಅಷ್ಟೇ ತೂಕದ ಹಸಿರು ಅಥವಾ ನೀಲಿಯಾಗಿದ್ದರೆ, ಗೆರೆ ನಡುಗತೊಡಗುತ್ತದೆ. ಗೋಡೆಗಂಟಿಸಿದ ಕೆಲವು ಜಾಹೀರಾತುಗಳಲ್ಲಿ ನೀಲಿಯ ಮೇಲಿನ ಕೆಂಪು ಅಕ್ಷರಗಳನ್ನು ಓದಲು ಹೋಗಿ ಕಣ್ಣು ಉಜ್ಜಿಕೊಂಡವರಿಗೆ ಈ ಅನುಭವವಾಗಿರುತ್ತದೆ. ಕಾರಣ ಇದು: ವಸ್ತು ಎಲ್ಲಿದೆ, ಚಲಿಸುತ್ತಿದೆಯೇ, ಎಷ್ಟು ಆಳದಲ್ಲಿದೆ ಎಂಬುದನ್ನು ಮೆದುಳು ಬಹುಮಟ್ಟಿಗೆ ಬೆಳಕಿನ ಏರಿಳಿತದಿಂದ ತಿಳಿಯುತ್ತದೆ, ಬಣ್ಣದಿಂದಲ್ಲ. ಬಣ್ಣದ ವ್ಯತ್ಯಾಸ ‘ಇಲ್ಲಿ ಅಂಚಿದೆ’ ಎಂದು ಕೂಗುತ್ತಿರುವಾಗ ಬೆಳಕಿನ ಲೆಕ್ಕ ‘ಏನೂ ಇಲ್ಲ’ ಎನ್ನುತ್ತಿದ್ದರೆ ಆ ಅಂಚಿಗೆ ನೆಲೆ ಸಿಗುವುದಿಲ್ಲ. ಡಚ್ ಚಿತ್ರಕಾರ ಮೊಂಡ್ರಿಯಾನ್ ತನ್ನ ಕೊನೆಯ ವರ್ಷಗಳಲ್ಲಿ, 1942-43ರಲ್ಲಿ, ನ್ಯೂಯಾರ್ಕಿನಲ್ಲಿ ಬರೆದ ‘ಬ್ರಾಡ್‌ವೇ ಬೂಗಿ ವೂಗಿ’ಯಲ್ಲಿ ಹಳದಿ ಪಟ್ಟಿಗಳ ಮೇಲೆ ಕುಳಿತ ತಿಳಿ ಬೂದು ಚೌಕಗಳು ಮಿಣುಕುವುದನ್ನು ಇದೇ ಕಾರಣದಿಂದ ವಿವರಿಸುತ್ತಾರೆ. ಯಾವ ಬಣ್ಣ ಹೆಚ್ಚು ಬೆಳಕಿನದು, ಯಾವುದು ಕಡಿಮೆಯದು ಎಂದು ಬರಿಗಣ್ಣಿನಲ್ಲಿ ಹೇಳುವುದು ಸುಲಭವಲ್ಲ. ಕಲಾ ವಿದ್ಯಾರ್ಥಿಗಳೇ ಹೆಚ್ಚಾಗಿ ತಪ್ಪುತ್ತಾರೆಂದು ಆಲ್ಬರ್ಸ್ ಬರೆದಿದ್ದಾನೆ. ನಿಮ್ಮ ಫೋನಿನಲ್ಲಿ ಫೋಟೊ ತೆಗೆದು ಅದನ್ನು ಕಪ್ಪು-ಬಿಳುಪು ಮಾಡಿ ನೋಡಿ, ಸುಮಾರಾಗಿ ತಿಳಿಯುತ್ತದೆ.

ಈ ನಡುಗುವ ಅಂಚು 1960ರ ದಶಕದಲ್ಲಿ ಒಂದು ಫ್ಯಾಷನ್ನೇ ಆಯಿತು. ಹಂಗೇರಿಯ ಪೇಚ್ ನಗರದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಜಾಹೀರಾತು ವಿನ್ಯಾಸಕನಾಗಿ ದುಡಿದ ವಿಕ್ಟರ್ ವಾಸರೇಲಿ ಚೌಕ ವೃತ್ತಗಳ ಜಾಲವನ್ನು ಉಬ್ಬಿಸಿ ತಗ್ಗಿಸಿ ಚಿತ್ರವನ್ನು ಚೆಂಡಾಗಿಸಿದ. ಕೌಶಲ ಅಪಾರ, ಆದರೆ ನನ್ನ ಮನಸ್ಸಿಗೆ ಅವನ ಚಿತ್ರಗಳು ಎರಡನೆಯ ಸಲ ನೋಡಿದಾಗ ಮೊದಲನೆಯ ಸಲಕ್ಕಿಂತ ಕಡಿಮೆ ಕೊಡುತ್ತವೆ. ಆಲ್ಬರ್ಸ್‌ನ ಶಿಷ್ಯರಾದ ರಿಚರ್ಡ್ ಆನುಸ್ಕೆವಿಚ್ ಮತ್ತು ಜೂಲಿಯನ್ ಸ್ಟಾಂಚಕ್ ಗುರುವಿನ ಶಾಂತ ಚೌಕಗಳನ್ನು ಸಣ್ಣ ಗೆರೆಗಳಾಗಿ ಸೀಳಿ ಉರಿಸಿದರು. ಇಂಥ ಕಣ್ಣಾಟದ ಚಿತ್ರಗಳಿಗೆ ‘ಆಪ್ ಆರ್ಟ್’ (ಆಪ್ಟಿಕಲ್ ಆರ್ಟ್) ಎಂಬ ಹೆಸರು 1964ರಲ್ಲಿ ಪತ್ರಿಕೆಗಳಲ್ಲಿ ಹುಟ್ಟಿತು. 1965ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ವಿಲಿಯಂ ಸೈಟ್ಸ್ ಇವರೆಲ್ಲರನ್ನೂ ಒಟ್ಟಿಗೆ ಸೇರಿಸಿ ಏರ್ಪಡಿಸಿದ ‘ಸ್ಪಂದಿಸುವ ಕಣ್ಣು’ ಎಂಬ ಪ್ರದರ್ಶನಕ್ಕೆ ಜನ ಮುಗಿಬಿದ್ದರು. ಲಂಡನ್ನಿನಿಂದ ಅದಕ್ಕಾಗಿ ಬಂದ ಬ್ರಿಜೆಟ್ ರೈಲಿ ಎಂಬ ಕಲಾವಿದೆಗೆ ನ್ಯೂಯಾರ್ಕಿನ ಅಂಗಡಿಗಳ ಗಾಜಿನ ಹಿಂದೆ ತನ್ನ ಚಿತ್ರಗಳೇ ಫ್ರಾಕುಗಳಾಗಿ ನೇತಾಡುತ್ತಿರುವುದು ಕಂಡಿತು. ಅವಳ ಅನುಮತಿಯನ್ನು ಯಾರೂ ಕೇಳಿರಲಿಲ್ಲ, ಕೇಳಬೇಕೆಂಬ ಕಾನೂನೂ ಆಗ ಅವಳ ನೆರವಿಗೆ ಬರಲಿಲ್ಲ. ಚಿತ್ರವನ್ನು ನಿಂತು ನೋಡುವ ವ್ಯವಧಾನವೇ ಹೋಯಿತೆಂಬ ಅವಳ ಕೊರಗು ನನಗೆ ನ್ಯಾಯವಾದದ್ದೆಂದೇ ತೋರುತ್ತದೆ.

ರೈಲಿಯ 1961ರ ‘ಚೌಕಗಳಲ್ಲಿ ಚಲನೆ’ ಎಂಬ ಚಿತ್ರದಲ್ಲಿ ಕಪ್ಪು ಬಿಳಿ ಚೌಕಗಳ ಎತ್ತರ ಬದಲಾಗುವುದಿಲ್ಲ. ಅಗಲ ಮಾತ್ರ ಸಾಲುಸಾಲಾಗಿ ಕುಗ್ಗುತ್ತ ಬಂದು ಸೀಳುಗಳಾಗಿ, ಮತ್ತೆ ಹಿಗ್ಗುತ್ತದೆ. ಚಪ್ಪಟೆ ಹಲಗೆ ಅಲ್ಲಿ ಪುಸ್ತಕದ ಮಡಿಕೆಯಂತೆ ಒಳಸರಿಯುತ್ತದೆ. 1963ರ ‘ಇಳಿತ’ದಲ್ಲಿ ಒಂದೇ ಬಾಗುಗೆರೆಯನ್ನು ಪಕ್ಕಪಕ್ಕಕ್ಕೆ ಬರೆದಿದ್ದಾಳೆ, ಕೆಳಗಿಳಿದಂತೆ ಅಲೆಗಳು ಒತ್ತೊತ್ತಾಗುತ್ತವೆ, ಹತ್ತು ನಿಮಿಷ ಅದರ ಮುಂದೆ ನಿಂತವರಿಗೆ ಕಾಲಡಿಯ ನೆಲ ಸಡಿಲವಾಗುತ್ತದೆ. ನಾವು ಒಂದೆಡೆ ದೃಷ್ಟಿ ನೆಟ್ಟಿದ್ದೇವೆ ಅಂದುಕೊಂಡಾಗಲೂ ಕಣ್ಣು ಅತಿ ಸಣ್ಣದಾಗಿ ಜಿಗಿಯುತ್ತಲೇ ಇರುತ್ತದೆ. ಸಾಮಾನ್ಯವಾಗಿ ಮೆದುಳು ಅದನ್ನು ನಮಗೆ ತಿಳಿಯಗೊಡುವುದಿಲ್ಲ. ಇಷ್ಟು ಒತ್ತಾದ, ಇಷ್ಟು ಕಟು ವ್ಯತ್ಯಾಸದ ಗೆರೆಗಳ ಮುಂದೆ ಆ ಗುಟ್ಟು ಹೊರಬೀಳುತ್ತದೆ. ಚಿತ್ರ ಅಲುಗುವುದಿಲ್ಲ, ಅಲುಗುವವರು ನಾವು.

ಅವಳು ಬಣ್ಣಕ್ಕೆ ಬಂದದ್ದು 1967ರಲ್ಲಿ. ಅದಕ್ಕೂ ಮೊದಲು 1959ರಲ್ಲಿ ಸೋರಾನ ಕೂರ್ಬೆವ್ವಾ ಸೇತುವೆಯ ಚಿತ್ರವನ್ನು ದೊಡ್ಡದಾಗಿ ನಕಲು ಮಾಡಿ, ಚುಕ್ಕೆಯ ಪಕ್ಕ ಚುಕ್ಕೆ ಏನು ಮಾಡುತ್ತದೆಂದು ಕೈಯಿಂದಲೇ ಕಲಿತಿದ್ದಳು. ಆದರೂ ಅದಾದ ಮೇಲೆ ಹಲವು ವರ್ಷ ಕಪ್ಪು, ಬಿಳಿ, ಬೂದುಗಳಲ್ಲೇ ಉಳಿದಳು. ಚೌಕಕ್ಕೆ, ವೃತ್ತಕ್ಕೆ ತನ್ನದೇ ಆದ ಗತ್ತಿರುತ್ತದೆ, ಬಣ್ಣಕ್ಕೂ ಇರುತ್ತದೆ. ಎರಡೂ ಒಂದೇ ಮನೆಯಲ್ಲಿ ಯಜಮಾನಿಕೆ ನಡೆಸಲಾರವು. ಕೊನೆಗೆ ಅವಳು ಆರಿಸಿಕೊಂಡ ಆಕಾರ ಪಟ್ಟಿ. ಪಟ್ಟಿಗೆ ಒಡಲು ಕಡಿಮೆ, ಅಂಚು ಹೆಚ್ಚು. ಬಣ್ಣದ ವ್ಯವಹಾರವೆಲ್ಲ ನಡೆಯುವುದು ಅಂಚಿನಲ್ಲೇ. 1979-80ರ ಚಳಿಗಾಲದಲ್ಲಿ ಈಜಿಪ್ಟಿಗೆ ಹೋದವಳು ಅಲ್ಲಿನ ಸಮಾಧಿಗಳ ಗೋಡೆಗಳಲ್ಲಿ ಕೆಲವೇ ಬಣ್ಣಗಳು ಸಾವಿರಾರು ವರ್ಷ ಬಳಕೆಯಾಗಿರುವುದನ್ನು ಕಂಡು, ಹಿಂತಿರುಗಿ ಬಂದು ನೆನಪಿನಿಂದ ಆ ಕೆಂಪು, ಹಳದಿ, ನೀಲಿ, ಹಸಿರುಗಳನ್ನು ಮತ್ತೆ ಹದಮಾಡಿಕೊಂಡಳು. ಅಂತಿಮ ಚಿತ್ರವನ್ನು ಬಳಿಯುವವರು ಸಹಾಯಕರು. ಅವಳ ದಿನಗಳೆಲ್ಲ ಬಣ್ಣದ ಕಾಗದದ ಪಟ್ಟಿಗಳನ್ನು ಕತ್ತರಿಸಿ, ಪಕ್ಕಕ್ಕಿಟ್ಟು, ತೆಗೆದು, ಮತ್ತೆ ಇಡುವುದರಲ್ಲಿ ಕಳೆಯುತ್ತವೆ.

ಪಟ್ಟಿಗಳಿಗೆ ಬಂದೊಡನೆ ನಾನು ಇಲ್ಲಿಯವರೆಗೆ ಹೇಳಿದ ನಿಯಮ ತಲೆಕೆಳಗಾಗುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಬಣ್ಣ ನೆರೆಯಿಂದ ದೂರ ಓಡುತ್ತದೆ ಎಂದೆ. ಪಟ್ಟಿ ಸಾಕಷ್ಟು ಸಪೂರವಾದಾಗ ಅದು ನೆರೆಯ ಕಡೆಗೇ ವಾಲುತ್ತದೆ, ನಮ್ಮ ದಾಸವಾಳದ ಸ್ಫಟಿಕದ ಹಾಗೆ. 1870ರ ದಶಕದಲ್ಲಿ ವಿಲ್ಹೆಲ್ಮ್ ಫಾನ್ ಬೆಟ್ಸೋಲ್ಡ್ ಎಂಬ ಜರ್ಮನ್ ವಿಜ್ಞಾನಿ ಜಮಖಾನೆಗಳ ನಮೂನೆಯಲ್ಲಿ ಒಂದೇ ಒಂದು ಬಣ್ಣ ಬದಲಿಸಿದರೆ ಇಡೀ ಜಮಖಾನೆಯ ಬಣ್ಣವೇ ಬದಲಾದಂತೆ ಕಾಣುವುದನ್ನು ಗಮನಿಸಿದ್ದ. ಗುಳೇದಗುಡ್ಡದ ಖಣವನ್ನು ಮೂಗಿನ ಹತ್ತಿರ ಹಿಡಿದಾಗಿನ ಬಣ್ಣ ಒಂದು, ಮಾರು ದೂರದಿಂದ ಕಾಣುವ ಬಣ್ಣ ಇನ್ನೊಂದು. ಇನ್ನೂ ವಿಚಿತ್ರವಾದದ್ದು 1979ರಲ್ಲಿ ಮೈಕೇಲ್ ವೈಟ್ ವಿವರಿಸಿದ ಪಟ್ಟಿಗಳು. ಕಪ್ಪು-ಬಿಳಿ ಪಟ್ಟಿಗಳ ಸಾಲಿನಲ್ಲಿ ಒಂದೆಡೆ ಕಪ್ಪು ಪಟ್ಟಿಯ ತುಂಡನ್ನೂ ಇನ್ನೊಂದೆಡೆ ಬಿಳಿ ಪಟ್ಟಿಯ ತುಂಡನ್ನೂ ತೆಗೆದು ಒಂದೇ ಬೂದು ತುಂಬಿ. ಕಪ್ಪು ಪಟ್ಟಿಯೊಳಗಿನ ಬೂದಿಗೆ ಎರಡೂ ಮಗ್ಗುಲಲ್ಲಿ ಉದ್ದಕ್ಕೂ ಬಿಳಿ ತಾಗಿದೆ, ಆದ್ದರಿಂದ ಶೆವ್ರೆಲ್‌ನ ಪ್ರಕಾರ ಅದು ಕಪ್ಪೇರಬೇಕು. ಕಾಣುವುದು ಅದಕ್ಕೆ ವಿರುದ್ಧ, ಅದು ಬೆಳ್ಳಗಾಗುತ್ತದೆ. ನೆರೆಯ ಕೋಶಗಳ ಜಗಳವೊಂದರಿಂದಲೇ ಇದನ್ನು ಬಿಡಿಸಲಾಗುವುದಿಲ್ಲ. ಯಾವುದು ಯಾವುದರ ಮುಂದುವರಿಕೆ, ಯಾವುದು ಯಾವುದರ ಮೇಲೆ ಕುಳಿತಿದೆ ಎಂಬ ಮೆದುಳಿನ ತೀರ್ಮಾನವೂ ಸೇರಿಕೊಂಡಿದೆ ಎನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ. ರೈಲಿ ಈ ಚರ್ಚೆಗೆ ಕಾಯಲಿಲ್ಲ. ಪಟ್ಟಿ ಎಷ್ಟು ಸಪೂರವಾದಾಗ ಬಣ್ಣ ಓಡುವುದನ್ನು ಬಿಟ್ಟು ಕರಗತೊಡಗುತ್ತದೆ ಎಂಬುದನ್ನು ಕಾಗದ ಸರಿಸಿ ಸರಿಸಿ ಕಂಡುಕೊಂಡಳು.

ನನ್ನ ಹಿಂದಿನ ಪರದೆಯ ಮೇಲೆ ಬಂದುಹೋದ ಚಿತ್ರಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಅವು ಚಿತ್ರಗಳಲ್ಲ, ಚಿತ್ರಗಳ ಸುದ್ದಿ. ಪ್ರೊಜೆಕ್ಟರಿನ ಕಪ್ಪು ಎಂದರೆ ಪರದೆಯ ಬೂದು. ಅದರ ಪಕ್ಕದಲ್ಲಿ ಆಲ್ಬರ್ಸ್‌ನ ಹಳದಿ ತಾನಿರುವಂತೆ ಇರಲಾರದು. ಅದಕ್ಕೆಂದೇ ಕಾಗದ ಕತ್ತರಿಸಿಕೊಂಡು ಬಂದದ್ದು. ಆಲ್ಬರ್ಸ್ ಸ್ವತಃ ಬೆಚ್ಚನೆಯ ಬೆಳಕಿನ ಮತ್ತು ತಣ್ಣನೆಯ ಬೆಳಕಿನ ಟ್ಯೂಬ್‌ಲೈಟುಗಳನ್ನು ಬೆರೆಸಿ ಹಾಕಿಕೊಂಡು, ಅವುಗಳ ಕೆಳಗೆ ಬರೆಯುತ್ತಿದ್ದ. ಸೀರೆ ಅಂಗಡಿಯ ಬಾಗಿಲನ್ನು ಅವನು ತನ್ನ ಕೋಣೆಯೊಳಗೇ ತಂದುಕೊಂಡಿದ್ದ ಎನ್ನಬಹುದು.

ರಟ್ಟುಗಳನ್ನು ಹಿಂದಿರುಗಿಸಬೇಕಾಗಿಲ್ಲ, ಮನೆಗೆ ಕೊಂಡೊಯ್ಯಬಹುದು. ಹೋಗುವಾಗ ಬಾಗಿಲ ಬಳಿಯ ಮೇಜಿನಿಂದ ಇನ್ನೊಂದು ಚೀಟಿಯನ್ನೂ ತೆಗೆದುಕೊಳ್ಳಿ. ಅದರಲ್ಲಿ ಕುಂಕುಮದ ಕೆಂಪು ಚೌಕದೊಳಗೆ ಒಂದು ನೀಲಿ ಚೌಕವಿದೆ. ಈಗಿನ ಬೆಳಕಿನಲ್ಲಿ ಕೆಂಪು ಹೆಚ್ಚು ಬೆಳಗುತ್ತದೆ, ನೀಲಿ ಕಿಟಕಿಯಂತೆ ಹಿಂದಕ್ಕಿದೆ. ನಾಳೆ ಸಂಜೆ ದೀಪ ಹಚ್ಚದೆ ಒಂದು ಇಪ್ಪತ್ತು ನಿಮಿಷ ಕಿಟಕಿಯ ಪಕ್ಕದಲ್ಲಿ ಅದನ್ನು ಹಿಡಿದು ಕೂತಿರಿ. ಹೊರಗೆ ಕತ್ತಲಾಗುತ್ತ ಬಂದಂತೆ ಕೆಂಪು ಮೊದಲು ಕಂದಿ ಕಪ್ಪಾಗುತ್ತದೆ, ನೀಲಿ ಬೂದುಬೆಳಕಾಗಿ ಮುಂದೆ ಬರುತ್ತದೆ. ಹಗಲಿನ ಶಂಕುಕೋಶಗಳು ಕೆಲಸ ಬಿಟ್ಟು ಇರುಳಿನ ಕೋಶಗಳು ಮೇಲುಗೈ ಪಡೆಯುವ ಹೊತ್ತಿನ ಈ ಬದಲಾವಣೆಯನ್ನು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪುರ್ಕಿನ್ಯೆ ಎಂಬ ಜೆಕ್ ವಿಜ್ಞಾನಿ ಗುರುತಿಸಿದ. ಯಾವ ಕ್ಷಣದಲ್ಲಿ ಎರಡೂ ಸಮನಾದವು ಎಂಬುದನ್ನು ಹಿಡಿಯಲು ಪ್ರಯತ್ನಿಸಿ. ಮನೆಯವರು ಯಾರಾದರೂ ಬಂದು ಕತ್ತಲಲ್ಲೇಕೆ ಕೂತಿದ್ದೀರಿ ಎಂದು ಸ್ವಿಚ್ ಒತ್ತುವುದರೊಳಗೆ.